ಗ್ಲೂಕೋಸ್ ಖಾಲಿಯಾದ ಮೇಲಿನ ಮುಕ್ಕಾಲು ಗಂಟೆ: ಬ್ಯಾಕ್ಟೀರಿಯಾ ಆಹಾರ ಬದಲಿಸುವುದನ್ನು ಅಳೆದು ನೋಡುವ ಬಗೆ

ಒಂದು ಫ್ಲಾಸ್ಕಿಗೆ ಸ್ವಲ್ಪ ಗ್ಲೂಕೋಸ್, ಅದರ ಮೂರರಷ್ಟು ಲ್ಯಾಕ್ಟೋಸ್ ಹಾಕಿ ಇ. ಕೋಲೈ ಬ್ಯಾಕ್ಟೀರಿಯಾ ಬಿಡಿ. ಎಷ್ಟು ಬೆಳೆದಿದೆ ಅಂತ ಆಗಾಗ ಅಳೆಯುತ್ತಾ ಹೋಗಿ. ಮೂರೂವರೆ ಗಂಟೆ ಸಲೀಸಾಗಿ ಏರಿದ ಗೆರೆ ಇದ್ದಕ್ಕಿದ್ದಂತೆ ಅಡ್ಡ ಮಲಗುತ್ತದೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಅಲುಗಾಡುವುದಿಲ್ಲ. ಆಮೇಲೆ ಯಾರೋ ಸ್ವಿಚ್ ಒತ್ತಿದ ಹಾಗೆ ಮತ್ತೆ ಏರತೊಡಗುತ್ತದೆ.

ಇದನ್ನು ಸರಿಯಾಗಿ ಗಮನಿಸಿ ಹೆಸರಿಟ್ಟವರು ಪ್ಯಾರಿಸ್ಸಿನ ಜಾಕ್ ಮೊನೊ. 1941ರ ಸುಮಾರಿಗೆ ಎರಡೆರಡು ಸಕ್ಕರೆ ಬೆರೆಸಿ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದಾಗ ಕೆಲವು ಜೋಡಿಗಳಲ್ಲಿ ಮಾತ್ರ ಈ ಮೆಟ್ಟಿಲು ಕಂಡಿತು. ಅದಕ್ಕೆ ಅವರು 'ಡಯಾಕ್ಸಿ' ಎಂದರು, ಅಂದರೆ ಜೋಡಿ ಬೆಳವಣಿಗೆ. ಆ ಮೆಟ್ಟಿಲಿನ ಬೆನ್ನು ಹತ್ತಿ ಹೋದದ್ದು ಕೊನೆಗೆ ಜೀನ್‌ಗಳು ಹೇಗೆ ಆನ್ ಆಫ್ ಆಗುತ್ತವೆ ಎಂಬ ಉತ್ತರಕ್ಕೆ ತಲುಪಿತು. 1965ರ ನೊಬೆಲ್ ಪ್ರಶಸ್ತಿ ಅವರಿಗೆ, ಫ್ರಾನ್ಸ್ವಾ ಜಾಕೋಬ್‌ಗೆ ಮತ್ತು ಆಂಡ್ರೆ ಲ್ವೋಫ್‌ಗೆ ಒಟ್ಟಿಗೆ ಬಂತು.

ಪ್ರಯೋಗ ಸರಳ, ಒಂದೇ ದಿನದ್ದು. ಆದರೆ ಕೆಡಿಸುವುದು ಅದಕ್ಕಿಂತ ಸರಳ. ಗೆರೆ ಮಲಗಲು ನೂರು ಕಾರಣ ಇರಬಹುದು. ನಮಗೆ ಬೇಕಾದ ಒಂದೇ ಕಾರಣದಿಂದ ಅದು ಮಲಗಿದೆ ಅಂತ ತೋರಿಸುವುದೇ ನಿಜವಾದ ಕೆಲಸ. ಈ ಲೇಖನದ ಅರ್ಧಕ್ಕಿಂತ ಜಾಸ್ತಿ ಅದರ ಬಗ್ಗೆಯೇ ಇದೆ.

ಶುರು ಮಾಡುವ ಮೊದಲು: ಒಳಗೆ ಏನಾಗುತ್ತಿದೆ?

ಇ. ಕೋಲೈಗೆ ಗ್ಲೂಕೋಸ್ ಅಂದರೆ ಸಿದ್ಧ ಊಟ. ಅದನ್ನು ಒಳಗೆ ತರುವ ವ್ಯವಸ್ಥೆ, ಒಡೆಯುವ ಕಿಣ್ವಗಳು ಯಾವಾಗಲೂ ತಯಾರಿರುತ್ತವೆ. ಲ್ಯಾಕ್ಟೋಸ್ ಹಾಗಲ್ಲ. ಅದನ್ನು ಒಳಗೆ ಬಿಡಲು ಪೊರೆಯಲ್ಲಿ ಪರ್ಮಿಯೇಸ್ ಎಂಬ ಬಾಗಿಲು ಬೇಕು. ಒಳಗೆ ಬಂದದ್ದನ್ನು ಎರಡು ತುಂಡು ಮಾಡಲು ಬೀಟಾ-ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವ ಬೇಕು. ಇವೆರಡರ ಜೀನ್‌ಗಳು ಅಕ್ಕಪಕ್ಕ ಇವೆ, ಒಟ್ಟಿಗೆ ಆನ್ ಆಗುತ್ತವೆ. ಲ್ಯಾಕ್ಟೋಸ್ ಇಲ್ಲದಾಗ ಒಂದು ತಡೆ ಪ್ರೋಟೀನ್ ಆ ಜೀನ್‌ಗಳ ಬಾಯಿಗೆ ಕೂತಿರುತ್ತದೆ. ಅದನ್ನು ಏಳಿಸುವುದು ಲ್ಯಾಕ್ಟೋಸ್ ಕೂಡ ಅಲ್ಲ, ಲ್ಯಾಕ್ಟೋಸಿನಿಂದ ಆದ ಅಲೋಲ್ಯಾಕ್ಟೋಸ್ ಎಂಬ ತಮ್ಮ.

ಇಲ್ಲೊಂದು ಮಜಾ ಇದೆ. ಅಲೋಲ್ಯಾಕ್ಟೋಸ್ ಮಾಡುವುದು ಅದೇ ಬೀಟಾ-ಗ್ಯಾಲಕ್ಟೋಸಿಡೇಸ್. ಲ್ಯಾಕ್ಟೋಸ್ ಒಳಗೆ ಬರಬೇಕಾದರೆ ಬಾಗಿಲು ಬೇಕು, ಬಾಗಿಲು ಮಾಡಬೇಕಾದರೆ ಲ್ಯಾಕ್ಟೋಸ್ ಒಳಗಿರಬೇಕು. ಹಾಗಾದರೆ ಮೊದಲು ಬಂದದ್ದು ಹೇಗೆ? ತಡೆ ಪ್ರೋಟೀನ್ ಪೂರ್ತಿ ಬಿಗಿಯಾಗಿ ಕೂತಿರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಕಳಚಿಕೊಳ್ಳುತ್ತದೆ. ಆ ಸಂದಿಯಲ್ಲಿ ಪ್ರತಿ ಕೋಶದಲ್ಲೂ ಬೆರಳೆಣಿಕೆಯಷ್ಟು ಬಾಗಿಲು, ಬೆರಳೆಣಿಕೆಯಷ್ಟು ಕಿಣ್ವ ತಯಾರಾಗಿರುತ್ತವೆ. ಆ ಸೋರಿಕೆಯೇ ಬೀಜ. ಪೂರ್ತಿ ಆನ್ ಆದಾಗ ಕಿಣ್ವದ ಪ್ರಮಾಣ ಸುಮಾರು ಸಾವಿರ ಪಟ್ಟು ಏರುತ್ತದೆ.

ಗ್ಲೂಕೋಸ್ ಇದ್ದಾಗ ಲ್ಯಾಕ್ಟೋಸ್ ಕಡೆ ಯಾಕೆ ತಿರುಗಿ ನೋಡುವುದಿಲ್ಲ? ಪಠ್ಯಪುಸ್ತಕಗಳು ಸಾಮಾನ್ಯವಾಗಿ ಸೈಕ್ಲಿಕ್ ಎಎಂಪಿ ಕಡೆ ಬೆರಳು ತೋರಿಸುತ್ತವೆ. ಗ್ಲೂಕೋಸ್ ಇದ್ದರೆ ಆ ಅಣು ಕಡಿಮೆ, ಅದು ಕಡಿಮೆಯಾದರೆ ಲ್ಯಾಕ್ಟೋಸ್ ಜೀನ್‌ಗಳ ಕೆಲಸ ನಿಧಾನ, ಅಂತ. ಅದು ಸುಳ್ಳಲ್ಲ. ಆದರೆ ಈ ಮೆಟ್ಟಿಲಿಗೆ ಮುಖ್ಯ ಕಾರಣ ಬೇರೆ. ಗ್ಲೂಕೋಸ್ ಒಳಗೆ ಹರಿಯುತ್ತಿರುವಾಗ, ಅದನ್ನು ಸಾಗಿಸುವ ವ್ಯವಸ್ಥೆಯ ಒಂದು ಪ್ರೋಟೀನ್ ಹೋಗಿ ಲ್ಯಾಕ್ಟೋಸಿನ ಬಾಗಿಲಿಗೆ ಅಂಟಿ ಅದನ್ನು ಮುಚ್ಚುತ್ತದೆ. ಲ್ಯಾಕ್ಟೋಸ್ ಹೊರಗೇ ಉಳಿಯುತ್ತದೆ, ತಡೆ ಪ್ರೋಟೀನ್ ಕೂತಲ್ಲೇ ಕೂತಿರುತ್ತದೆ. 1996ರಲ್ಲಿ ಜಪಾನಿನ ಇನಾಡಾ, ಕಿಮಾಟಾ, ಐಬಾ ಇದನ್ನು ಚೆನ್ನಾಗಿ ತೋರಿಸಿದರು. ತಡೆ ಪ್ರೋಟೀನ್ ಇಲ್ಲದ ತಳಿಯಲ್ಲಿ ಮೆಟ್ಟಿಲೇ ಮಾಯವಾಯಿತು. ಈ ಮಾತು ನೆನಪಿರಲಿ, ನಮ್ಮ ಕಂಟ್ರೋಲ್ (ಹೋಲಿಸಿ ನೋಡಲು ಇಡುವ ಫ್ಲಾಸ್ಕ್) ಇದರಿಂದಲೇ ಹುಟ್ಟುವುದು.

ಹಂತ 1: ತಳಿ ಆರಿಸುವುದು

ಇ. ಕೋಲೈ ಕೆ-12 ಎಂಜಿ1655 ಸಿಕ್ಕರೆ ಬೇರೆ ಏನೂ ಹುಡುಕಬೇಡಿ. ನಿರುಪದ್ರವಿ, ಲ್ಯಾಕ್ಟೋಸ್ ತಿನ್ನುತ್ತದೆ, ಯಾವ ವಿಟಮಿನ್ನೂ ಕೇಳುವುದಿಲ್ಲ.

ಬಹಳ ಲ್ಯಾಬ್‌ಗಳ ಫ್ರೀಜರ್‌ನಲ್ಲಿ ಕೈಗೆ ಮೊದಲು ಸಿಗುವುದು ಡಿಎಚ್5 ಆಲ್ಫಾ. ಅದನ್ನು ಮುಟ್ಟಬೇಡಿ. ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಗಳನ್ನು ಬೆಳೆಸಲು ಮಾಡಿದ ತಳಿ ಅದು. ಲ್ಯಾಕ್ಟೋಸ್ ಜೀನ್‌ಗಳನ್ನು ಬೇಕಂತಲೇ ಕತ್ತರಿಸಿ ತೆಗೆದಿದ್ದಾರೆ. ಸಾಲದ್ದಕ್ಕೆ ಥಯಾಮಿನ್ (ವಿಟಮಿನ್ ಬಿ1) ಕೊಡದಿದ್ದರೆ ಸರಳ ಮಾಧ್ಯಮದಲ್ಲಿ (ಮಾಧ್ಯಮ ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ದ್ರವ) ಬೆಳೆಯುವುದೇ ಇಲ್ಲ. ನಾನು ಮೊದಲ ಸಲ ಇದೇ ತಪ್ಪು ಮಾಡಿದೆ. ಥಯಾಮಿನ್ ಹಾಕಿದ್ದೆ, ಆದ್ದರಿಂದ ಗ್ಲೂಕೋಸ್ ಇರುವ ತನಕ ಚೆನ್ನಾಗಿ ಬೆಳೆಯಿತು. ಮೆಟ್ಟಿಲೂ ಬಂತು. ಖುಷಿಯಾಗಿ ಕಾದೆ, ಕಾದೆ, ರಾತ್ರಿ ಹತ್ತಾಯಿತು. ಅದು ಮೆಟ್ಟಿಲಾಗಿರಲಿಲ್ಲ, ಛಾವಣಿಯಾಗಿತ್ತು.

ತಳಿ ಸರಿಯಿದೆಯಾ ಅಂತ ಹಿಂದಿನ ವಾರವೇ ನೋಡಿಕೊಳ್ಳಬಹುದು. ಮ್ಯಾಕಾಂಕಿ ಅಗರ್ ಪ್ಲೇಟಿನ ಮೇಲೆ ಎಳೆಯಿರಿ. ಲ್ಯಾಕ್ಟೋಸ್ ತಿನ್ನುವ ತಳಿ ಗುಲಾಬಿ-ಕೆಂಪು, ತಿನ್ನದ್ದು ಬಿಳಿಚು.

ಹಂತ 2: ಮಾಧ್ಯಮ

ಎಲ್‌ಬಿಯಂಥ ಸಮೃದ್ಧ ಮಾಧ್ಯಮದಲ್ಲಿ ಈ ಪ್ರಯೋಗ ನಡೆಯುವುದಿಲ್ಲ. ಅದರಲ್ಲಿರುವ ಅಮೈನೋ ಆಮ್ಲಗಳೇ ಊಟ ಆಗುತ್ತವೆ, ಸಕ್ಕರೆಯ ಲೆಕ್ಕ ಸಿಗುವುದಿಲ್ಲ. ಎಂ9 ಮಾಧ್ಯಮ ಬೇಕು. ಅದರಲ್ಲಿ ಇಂಗಾಲದ ಮೂಲ ನೀವು ಹಾಕಿದ ಸಕ್ಕರೆ ಮಾತ್ರ.

ಒಂದು ಲೀಟರಿಗೆ ನೀರಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.8 ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 3 ಗ್ರಾಂ, ಸೋಡಿಯಂ ಕ್ಲೋರೈಡ್ 0.5 ಗ್ರಾಂ, ಅಮೋನಿಯಂ ಕ್ಲೋರೈಡ್ 1 ಗ್ರಾಂ. ಡಬ್ಬಿಯ ಮೇಲೆ ಏಳು ನೀರಿನ ಅಣು ಸೇರಿದ ಡೈಸೋಡಿಯಂ ಫಾಸ್ಫೇಟ್ ಅಂತ ಇದ್ದರೆ 6.8ರ ಬದಲು 12.8 ಗ್ರಾಂ ತೂಗಿ. 121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿ ಶುದ್ಧ ಮಾಡಿ. ಪೂರ್ತಿ ಆರಿದ ಮೇಲೆ, ಬೇರೆಯಾಗಿ ಶುದ್ಧ ಮಾಡಿಟ್ಟ 1 ಮೋಲಾರ್ ಮೆಗ್ನೀಸಿಯಂ ಸಲ್ಫೇಟ್ 2 ಮಿ.ಲೀ., 1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 0.1 ಮಿ.ಲೀ. ಸೇರಿಸಿ. ಇವೆರಡನ್ನು ಮೊದಲೇ ಹಾಕಿ ಬೇಯಿಸಿದರೆ ಫಾಸ್ಫೇಟ್ ಜೊತೆ ಸೇರಿ ಬಿಳಿ ಗಸಿ ಕೂರುತ್ತದೆ.

ಸಕ್ಕರೆಗಳನ್ನು ಆಟೋಕ್ಲೇವ್‌ಗೆ ಹಾಕದೆ 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ. ಬೇಯಿಸಿದರೆ ಕಂದು ಬಣ್ಣಕ್ಕೆ ತಿರುಗುತ್ತವೆ. ಗ್ಲೂಕೋಸ್ 20 ಪ್ರತಿಶತ, ಲ್ಯಾಕ್ಟೋಸ್ 10 ಪ್ರತಿಶತ ದ್ರಾವಣ ಮಾಡಿಡಿ. ಲ್ಯಾಕ್ಟೋಸ್ ಕರಗಲು ಹಠ ಮಾಡುತ್ತದೆ, ಸ್ವಲ್ಪ ಬೆಚ್ಚಗೆ ಮಾಡಿದರೆ ಒಪ್ಪುತ್ತದೆ.

ಈಗ ನಾಲ್ಕು ಫ್ಲಾಸ್ಕ್. ಪ್ರತಿಯೊಂದೂ 250 ಮಿ.ಲೀ. ಅಳತೆಯದು, ಒಳಗೆ 50 ಮಿ.ಲೀ. ಎಂ9. ಅದಕ್ಕಿಂತ ಜಾಸ್ತಿ ತುಂಬಿಸಬೇಡಿ, ಗಾಳಿ ಸಾಲದೆ ಬೆಳವಣಿಗೆ ಕುಂಟುತ್ತದೆ, ಆ ಕುಂಟುವಿಕೆ ಮೆಟ್ಟಿಲಿನಂತೆಯೇ ಕಾಣುತ್ತದೆ.

ಮೊದಲನೆಯದಕ್ಕೆ ಗ್ಲೂಕೋಸ್ ಮಾತ್ರ: 0.125 ಮಿ.ಲೀ., ಅಂದರೆ ಲೀಟರಿಗೆ 0.5 ಗ್ರಾಂ. ಎರಡನೆಯದಕ್ಕೆ ಲ್ಯಾಕ್ಟೋಸ್ ಮಾತ್ರ: 0.75 ಮಿ.ಲೀ., ಲೀಟರಿಗೆ 1.5 ಗ್ರಾಂ. ಮೂರನೆಯದಕ್ಕೆ ಎರಡೂ. ನಾಲ್ಕನೆಯದಕ್ಕೆ ಎರಡೂ, ಜೊತೆಗೆ 1 ಮಿಲಿಮೋಲಾರ್ ಐಪಿಟಿಜಿ. ಐಪಿಟಿಜಿ ಅಂದರೆ ಅಲೋಲ್ಯಾಕ್ಟೋಸಿನ ವೇಷ ಹಾಕಿದ ಅಣು. ತಡೆ ಪ್ರೋಟೀನನ್ನು ಏಳಿಸುತ್ತದೆ, ಆದರೆ ಬ್ಯಾಕ್ಟೀರಿಯಾಗೆ ಅದನ್ನು ತಿನ್ನಲು ಬರುವುದಿಲ್ಲ. ಪರ್ಮಿಯೇಸ್ ಬಾಗಿಲಿನ ಹಂಗೂ ಅದಕ್ಕೆ ಅಷ್ಟಾಗಿ ಇಲ್ಲ.

ಗ್ಲೂಕೋಸ್ ಇಷ್ಟು ಕಡಿಮೆ ಯಾಕೆ? ಮೆಟ್ಟಿಲು ಎಷ್ಟು ಎತ್ತರದಲ್ಲಿ ಬರಬೇಕು ಅನ್ನುವುದನ್ನು ಗ್ಲೂಕೋಸ್ ನಿರ್ಧರಿಸುತ್ತದೆ. ಲೀಟರಿಗೆ 0.5 ಗ್ರಾಂ ಹಾಕಿದರೆ ಮೆಟ್ಟಿಲು ಒ.ಡಿ. 0.6ರ ಆಸುಪಾಸು ಬರುತ್ತದೆ (ಒ.ಡಿ. ಅಂದರೆ ಬ್ಯಾಕ್ಟೀರಿಯಾ ಬೆಳೆದ ದ್ರವ, ಅಂದರೆ ಕಲ್ಚರ್, ಎಷ್ಟು ಮಬ್ಬಾಗಿದೆ ಅನ್ನುವ ಅಳತೆ; ಕೋಶ ಹೆಚ್ಚಿದಷ್ಟೂ ಅದು ಹೆಚ್ಚು). ಅಲ್ಲಿ ಗಾಳಿಗೆ ಕೊರತೆ ಇಲ್ಲ, ಅಮೋನಿಯಾಗೆ ಕೊರತೆ ಇಲ್ಲ, ಅಳತೆಯೂ ಸುಲಭ. 4 ಗ್ರಾಂ ಹಾಕಿದರೆ ಮೆಟ್ಟಿಲು ಬರುವ ಹೊತ್ತಿಗೆ ಹತ್ತು ತೊಂದರೆ ಒಟ್ಟಿಗೆ ಬಂದಿರುತ್ತವೆ.

ಹಂತ 3: ಮುಂಚಿನ ಕಲ್ಚರ್ (ಎಲ್ಲರೂ ಎಡವುವುದು ಇಲ್ಲೇ)

ಬ್ಯಾಕ್ಟೀರಿಯಾಗೆ ನಿನ್ನೆಯ ಊಟದ ನೆನಪಿರುತ್ತದೆ. ನೆನಪು ಅಂದರೆ ಒಳಗೆ ಉಳಿದ ಪ್ರೋಟೀನ್. ನಿನ್ನೆ ಲ್ಯಾಕ್ಟೋಸ್ ತಿಂದಿದ್ದರೆ ಬಾಗಿಲು, ಕಿಣ್ವ ಇನ್ನೂ ಇರುತ್ತವೆ. ಅವು ಬೇಗ ಒಡೆದುಹೋಗುವುದಿಲ್ಲ, ಪ್ರತಿ ವಿಭಜನೆಗೆ ಅರ್ಧ, ಕಾಲು, ಅರೆಕಾಲು ಅಂತ ಹಂಚಿಹೋಗಿ ತೆಳುವಾಗುತ್ತವೆ. ಎಲ್‌ಬಿಯಲ್ಲಿ ಬೆಳೆದು ಬಂದರೆ ಇನ್ನೊಂದು ಸಮಸ್ಯೆ. ಅಲ್ಲಿ ಅಮೈನೋ ಆಮ್ಲಗಳು ಪುಕ್ಕಟೆ ಸಿಗುತ್ತಿದ್ದವು, ಇಲ್ಲಿ ಎಲ್ಲವನ್ನೂ ತಾನೇ ಮಾಡಿಕೊಳ್ಳಬೇಕು. ಆ ಕಿಣ್ವಗಳನ್ನು ಕಟ್ಟುವ ತನಕ ಬೆಳವಣಿಗೆ ನಿಲ್ಲುತ್ತದೆ. ನಿಮ್ಮ ಗೆರೆಯ ಶುರುವಿನಲ್ಲೇ ಬೇಡದ ಒಂದು ಮೆಟ್ಟಿಲು.

ಆದ್ದರಿಂದ ಹೀಗೆ ಮಾಡಿ. ಸಂಜೆ ಒಂದು ಕಾಲನಿಯನ್ನು (ಪ್ಲೇಟಿನ ಮೇಲೆ ಒಂದೇ ಕೋಶದಿಂದ ಬೆಳೆದ ಚುಕ್ಕೆ) 5 ಮಿ.ಲೀ. ಎಂ9ಗೆ ಹಾಕಿ, ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ ಗ್ಲೂಕೋಸ್ ಕೊಡಿ. ರಾತ್ರಿಯಿಡೀ 37 ಡಿಗ್ರಿಯಲ್ಲಿ ಶೇಕರ್ ಮೇಲಿರಲಿ. ಬೆಳಿಗ್ಗೆ ಅದನ್ನು ಅದೇ ಥರದ ಹೊಸ ಮಾಧ್ಯಮಕ್ಕೆ ಒ.ಡಿ. 0.03ರ ಆಸುಪಾಸಿಗೆ ತೆಳು ಮಾಡಿ. ಒ.ಡಿ. 0.3 ತಲುಪುವ ತನಕ ಬೆಳೆಸಿ. ಈಗ ನಿಮ್ಮ ಕೈಯಲ್ಲಿರುವುದು ರಾತ್ರಿ ಮಲಗಿದ್ದ ಕೋಶಗಳಲ್ಲ, ಪೂರ್ತಿ ಎಚ್ಚರವಾಗಿ ದುಪ್ಪಟ್ಟಾಗುತ್ತಿರುವ ಕೋಶಗಳು.

ಇನ್ನು ಫ್ಲಾಸ್ಕಿಗೆ ಹಾಕುವುದು. ಸುಮ್ನೆ ಸುರಿದರೆ ಏನಾಗುತ್ತದೆ ಲೆಕ್ಕ ಹಾಕಿ. ಒ.ಡಿ. 0.3ರಿಂದ 0.05ಕ್ಕೆ ಬರಬೇಕಾದರೆ ಆರು ಪಟ್ಟು ತೆಳು ಮಾಡಬೇಕು. ಮುಂಚಿನ ಕಲ್ಚರ್‌ನಲ್ಲಿ ಲೀಟರಿಗೆ 2 ಗ್ರಾಂ ಗ್ಲೂಕೋಸ್ ಇತ್ತು, ಬಹುಪಾಲು ಇನ್ನೂ ಉಳಿದಿದೆ. ಆರರಿಂದ ಭಾಗಿಸಿದರೆ ಸುಮಾರು 0.3 ಗ್ರಾಂ ಅದರ ಜೊತೆಗೇ ಬಂದುಬಿಡುತ್ತದೆ. ನೀವು 0.5 ಅಂದುಕೊಂಡಿದ್ದು 0.8 ಆಯಿತು. ಲ್ಯಾಕ್ಟೋಸ್ ಮಾತ್ರ ಇರಬೇಕಾದ ಫ್ಲಾಸ್ಕಿನಲ್ಲೂ ಗ್ಲೂಕೋಸ್ ನುಸುಳಿತು. ಈ ಕಳ್ಳ ಗ್ಲೂಕೋಸ್ ಎಷ್ಟೋ ಪ್ರಯೋಗಗಳನ್ನು ಹಾಳು ಮಾಡುತ್ತದೆ.

ಅದಕ್ಕೆ ಕೋಶಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ಐದು ನಿಮಿಷ ಕೆಳಗೆ ಕೂರಿಸಿ, ಮೇಲಿನ ನೀರು ಚೆಲ್ಲಿ, ಸಕ್ಕರೆ ಇಲ್ಲದ, 37 ಡಿಗ್ರಿಗೆ ಬೆಚ್ಚಗಿಟ್ಟ ಎಂ9ನಲ್ಲಿ ಮೆಲ್ಲಗೆ ಕದಡಿ, ತಕ್ಷಣ ಫ್ಲಾಸ್ಕ್‌ಗಳಿಗೆ ಹಾಕಿ. ಮಾಧ್ಯಮ ತಣ್ಣಗಿರಬಾರದು, ನಡುವೆ ಫೋನ್ ಬಂದರೆ ಎತ್ತಬಾರದು. ಸಕ್ಕರೆ ಇಲ್ಲದ ಕೆಲವೇ ನಿಮಿಷಗಳಲ್ಲಿ ಕೋಶ ಬರಗಾಲದ ತಯಾರಿ ಶುರು ಮಾಡುತ್ತದೆ.

ಹಂತ 4: ಅಳತೆಯ ದಿನ

37 ಡಿಗ್ರಿ, ಶೇಕರ್ ನಿಮಿಷಕ್ಕೆ 200 ಸುತ್ತು. ಶುರುವಿನ ಒ.ಡಿ. 0.05. ಸ್ಪೆಕ್ಟ್ರೋಫೋಟೋಮೀಟರ್ 600 ನ್ಯಾನೋಮೀಟರ್‌ಗೆ ಇಡಿ, ಎಂ9ನಿಂದಲೇ ಸೊನ್ನೆ ಮಾಡಿ.

ಮೊದಲ ಮೂರು ಗಂಟೆ ಅರ್ಧ ಗಂಟೆಗೊಮ್ಮೆ ಅಳೆದರೆ ಸಾಕು. ಒ.ಡಿ. 0.4 ದಾಟಿದ ಕೂಡಲೇ ಹತ್ತು ನಿಮಿಷಕ್ಕೊಮ್ಮೆ. ಮೆಟ್ಟಿಲು ಮುಕ್ಕಾಲು ಗಂಟೆಯದು, ಅರ್ಧ ಗಂಟೆಗೊಮ್ಮೆ ನೋಡಿದರೆ ಒಂದು ಚುಕ್ಕೆಯಲ್ಲಿ ಮುಗಿದುಹೋಗುತ್ತದೆ.

0.4ರ ಮೇಲೆ ನೇರ ಓದನ್ನು ನಂಬಬೇಡಿ. ಕೋಶಗಳು ದಟ್ಟವಾದಾಗ ಒಮ್ಮೆ ಚದುರಿದ ಬೆಳಕು ಮತ್ತೆ ಚದುರಿ ಡಿಟೆಕ್ಟರ್‌ಗೆ ವಾಪಸ್ ಬರುತ್ತದೆ, ಯಂತ್ರ ಕಡಿಮೆ ತೋರಿಸುತ್ತದೆ. 0.2 ಮಿ.ಲೀ. ಕಲ್ಚರ್‌ಗೆ 0.8 ಮಿ.ಲೀ. ಎಂ9 ಸೇರಿಸಿ ಅಳೆದು ಐದರಿಂದ ಗುಣಿಸಿ. ಇದನ್ನು ಒಂದು ಫ್ಲಾಸ್ಕಿಗೆ ಮಾಡಿ ಇನ್ನೊಂದಕ್ಕೆ ಬಿಟ್ಟರೆ ಇಲ್ಲದ ಮೆಟ್ಟಿಲು ಹುಟ್ಟಿಕೊಳ್ಳುತ್ತದೆ.

ಶೇಕರ್ ನಿಲ್ಲಿಸಿ ಮಾದರಿ ತೆಗೆಯುವ ಹೊತ್ತು ಒಂದು ನಿಮಿಷ ಮೀರದಿರಲಿ. ನಾಲ್ಕು ಫ್ಲಾಸ್ಕ್ ಒಬ್ಬರೇ ನಿಭಾಯಿಸಬಹುದು. ಎಂಟು ಇಟ್ಟರೆ ಇನ್ನೊಬ್ಬರು ಬೇಕು.

ಹಂತ 5: ಗೆರೆ ಎಳೆದು ಓದುವುದು

ಮೂರನೇ ಫ್ಲಾಸ್ಕಿನ ಓದು ಹೀಗೆ ಬಂತು ಅಂದುಕೊಳ್ಳಿ. (ಲೆಕ್ಕ ತೋರಿಸಲು ಕೊಟ್ಟ ಅಂಕಿಗಳಿವು, ನಿಮ್ಮವು ಸ್ವಲ್ಪ ಆಚೀಚೆ ಇರುತ್ತವೆ.)

0 ನಿಮಿಷ: 0.05
60: 0.10
120: 0.20
180: 0.40
210: 0.56
220: 0.60
230: 0.61
240: 0.61
250: 0.61
260: 0.63
270: 0.68
300: 0.92
360: 1.75

ಇದನ್ನು ಮಾಮೂಲಿ ಗ್ರಾಫ್ ಹಾಳೆಯಲ್ಲಿ ಹಾಕಬೇಡಿ. ಒ.ಡಿ.ಯ ಲಾಗರಿದಂ ತೆಗೆದು ಹಾಕಿ, ಇಲ್ಲವೇ ಸೆಮಿಲಾಗ್ ಹಾಳೆ ಬಳಸಿ. ಆಗ ದುಪ್ಪಟ್ಟಾಗುವ ಬೆಳವಣಿಗೆ ನೇರ ಗೆರೆಯಾಗುತ್ತದೆ, ಗೆರೆಯ ಓರೆಯೇ ವೇಗ.

ಮೊದಲ ಮೂರು ಗಂಟೆ ನೋಡಿ. ಪ್ರತಿ 60 ನಿಮಿಷಕ್ಕೆ ಸರಿಯಾಗಿ ದುಪ್ಪಟ್ಟು. ಬೆಳವಣಿಗೆ ದರ ಬೇಕಿದ್ದರೆ 0.693 ಅನ್ನು ದುಪ್ಪಟ್ಟಾಗುವ ಸಮಯದಿಂದ ಭಾಗಿಸಿ: ಗಂಟೆಗೆ 0.69. ಕೊನೆಯ ಭಾಗದಲ್ಲಿ 0.92 ಇದ್ದದ್ದು ಒಂದು ಗಂಟೆಯಲ್ಲಿ 1.75 ಆಗಿದೆ. ದುಪ್ಪಟ್ಟಾಗಲು ಸುಮಾರು 65 ನಿಮಿಷ. ಲ್ಯಾಕ್ಟೋಸ್ ಮೇಲೆ ಒಂಚೂರು ನಿಧಾನ, ಅಷ್ಟೇ.

ಮೆಟ್ಟಿಲಿನ ಉದ್ದ ಕಣ್ಣಳತೆಯಲ್ಲಿ ಹೇಳಬಾರದು. ಮೂರು ಗೆರೆ ಎಳೆಯಿರಿ. ಗ್ಲೂಕೋಸ್ ಭಾಗದ ಗೆರೆಯನ್ನು ಮುಂದಕ್ಕೆ ಎಳೆದರೆ ಅದು 0.61 ತಲುಪುವುದು ಸುಮಾರು 216ನೇ ನಿಮಿಷಕ್ಕೆ. ಲ್ಯಾಕ್ಟೋಸ್ ಭಾಗದ ಗೆರೆಯನ್ನು ಹಿಂದಕ್ಕೆ ಎಳೆದರೆ ಅದು 0.61ಕ್ಕೆ ಇಳಿಯುವುದು ಸುಮಾರು 261ನೇ ನಿಮಿಷಕ್ಕೆ. ನಡುವಿನ ಅಂತರ 45 ನಿಮಿಷ. ಇಬ್ಬರು ಬೇರೆ ಬೇರೆ ಕೂತು ಲೆಕ್ಕ ಹಾಕಿದರೂ ಒಂದೇ ಉತ್ತರ ಬರಬೇಕು, ಅಲ್ವಾ? ಅದಕ್ಕೇ ಈ ಕಸರತ್ತು.

ಹಂತ 6: ಮೆಟ್ಟಿಲು ಅಸಲಿಯೇ?

ಉಳಿದ ಫ್ಲಾಸ್ಕ್‌ಗಳು ಇಲ್ಲಿ ಸಾಕ್ಷಿ ಹೇಳುತ್ತವೆ.

ಗ್ಲೂಕೋಸ್ ಮಾತ್ರ ಇರುವ ಒಂದನೆಯದು 0.6ರ ಸುಮಾರಿಗೆ ನಿಂತು ಮತ್ತೆ ಏಳಬಾರದು. ಎದ್ದರೆ ಮಾಧ್ಯಮದಲ್ಲಿ ಇನ್ನೇನೋ ಊಟ ಇದೆ. ಲ್ಯಾಕ್ಟೋಸ್ ಮಾತ್ರ ಇರುವ ಎರಡನೆಯದು ಶುರುವಿನಲ್ಲೇ ತಡೆದು ನಿಂತು ಆಮೇಲೆ ಹೊರಡಬೇಕು, ಯಾಕೆಂದರೆ ಆ ಕೋಶಗಳು ಗ್ಲೂಕೋಸ್ ಮನೆಯಿಂದ ಬಂದವು. ಐಪಿಟಿಜಿ ಇರುವ ನಾಲ್ಕನೆಯದರಲ್ಲಿ ಮೆಟ್ಟಿಲು ಮಾಯವಾಗಬೇಕು, ಅಥವಾ ಗುರುತು ಸಿಗದಷ್ಟು ಕಿರಿದಾಗಬೇಕು. ಗ್ಲೂಕೋಸ್ ಇರುವಾಗಲೇ ಬಾಗಿಲು, ಕಿಣ್ವ ತಯಾರಾಗಿವೆ. ಗ್ಲೂಕೋಸ್ ಮುಗಿದು ಬಾಗಿಲಿನ ಅಡ್ಡಿ ತೊಲಗಿದ ಕ್ಷಣವೇ ಲ್ಯಾಕ್ಟೋಸ್ ಒಳಗೆ. ನನ್ನ ಮಟ್ಟಿಗೆ ಈ ನಾಲ್ಕನೇ ಫ್ಲಾಸ್ಕ್ ಇಲ್ಲದ ಡಯಾಕ್ಸಿ ಪ್ರಯೋಗ ಅರ್ಧ ಪ್ರಯೋಗ.

ಇನ್ನೊಂದು ಪರೀಕ್ಷೆ ಮೊನೊ ಅವರದ್ದೇ. ಅವರು ಗ್ಲೂಕೋಸ್ ಮತ್ತು ಸಾರ್ಬಿಟಾಲ್ ಅನ್ನು 50:150, 100:100, 150:50 ಅನುಪಾತದಲ್ಲಿ ಬೆರೆಸಿ ನೋಡಿದರು. ಗ್ಲೂಕೋಸ್ ಹೆಚ್ಚಿದಂತೆ ಮೊದಲ ಏರಿಕೆ ಅದೇ ಲೆಕ್ಕದಲ್ಲಿ ಎತ್ತರವಾಯಿತು. ನೀವೂ ಇನ್ನೊಂದು ದಿನ ಗ್ಲೂಕೋಸನ್ನು 1 ಗ್ರಾಂಗೆ ಏರಿಸಿ. ಮೇಲಿನ ಉದಾಹರಣೆಯಲ್ಲಿ 0.5 ಗ್ರಾಂಗೆ 0.56ರಷ್ಟು ಬೆಳೆಯಿತು. ಹಾಗಾಗಿ ಮೆಟ್ಟಿಲು 1.17ರ ಹತ್ತಿರ ಬರಬೇಕು. ಬರದಿದ್ದರೆ ಅದನ್ನು ನಿಲ್ಲಿಸುತ್ತಿರುವುದು ಗ್ಲೂಕೋಸ್ ಅಲ್ಲ.

ಕಿಣ್ವವನ್ನೇ ನೋಡಬೇಕು ಅನ್ನುವವರಿಗೆ ಒಎನ್‌ಪಿಜಿ ಇದೆ. ಬಣ್ಣವಿಲ್ಲದ ಈ ವಸ್ತುವನ್ನು ಬೀಟಾ-ಗ್ಯಾಲಕ್ಟೋಸಿಡೇಸ್ ಒಡೆದರೆ ಹಳದಿ ಬರುತ್ತದೆ. ಮೆಟ್ಟಿಲಿಗೆ ಮುಂಚೆ, ಮೆಟ್ಟಿಲಿನಲ್ಲಿ ಹತ್ತು ನಿಮಿಷಕ್ಕೊಮ್ಮೆ, ಆಮೇಲೆ ಎರಡು ಸಲ ಮಾದರಿ ತೆಗೆದು ತಕ್ಷಣ ಐಸ್‌ನಲ್ಲಿಡಿ. ಎಲ್ಲವೂ ಸೇರಿದ ಮೇಲೆ ಒಟ್ಟಿಗೆ ಕೆಲಸ ಮಾಡಿ. ಮಾದರಿಯನ್ನು ಪಿಎಚ್ 7ರ ಫಾಸ್ಫೇಟ್ ಬಫರ್‌ನಲ್ಲಿ ಬೆರೆಸಿ 1 ಮಿ.ಲೀ. ಮಾಡಿ. ಕೋಶದ ಪೊರೆ ತೂತು ಮಾಡಲು ಎರಡು ಹನಿ ಕ್ಲೋರೋಫಾರ್ಮ್, ಒಂದು ಹನಿ 0.1 ಪ್ರತಿಶತ ಎಸ್‌ಡಿಎಸ್ (ಸಾಬೂನಿನಂಥ ವಸ್ತು) ಹಾಕಿ ಜೋರಾಗಿ ಕುಲುಕಿ. ಇದನ್ನು ಫ್ಯೂಮ್ ಹುಡ್ ಒಳಗೇ ಮಾಡಬೇಕು. ನಂತರ ಮಿ.ಲೀ.ಗೆ 4 ಮಿ.ಗ್ರಾಂ ಇರುವ ಒಎನ್‌ಪಿಜಿ 0.2 ಮಿ.ಲೀ. ಹಾಕಿ ಗಡಿಯಾರ ಒತ್ತಿ. ಹಳದಿ ಚೆನ್ನಾಗಿ ಕಂಡಾಗ 1 ಮೋಲಾರ್ ಸೋಡಿಯಂ ಕಾರ್ಬೊನೇಟ್ 0.5 ಮಿ.ಲೀ. ಹಾಕಿ ನಿಲ್ಲಿಸಿ. 420 ನ್ಯಾನೋಮೀಟರ್‌ನ ಓದನ್ನು ನಿಮಿಷ, ಮಾದರಿಯ ಮಿ.ಲೀ., ಒ.ಡಿ. ಮೂರರಿಂದಲೂ ಭಾಗಿಸಿ ಸಾವಿರದಿಂದ ಗುಣಿಸಿದರೆ ಹೋಲಿಸಲು ಸಾಕಾಗುವ ಅಂಕಿ ಸಿಗುತ್ತದೆ.

ಟ್ಯೂಬ್‌ಗಳನ್ನು ಸಾಲಾಗಿ ನಿಲ್ಲಿಸಿ ಬೆಳಕಿಗೆ ಹಿಡಿದರೆ ಲೆಕ್ಕವೇ ಬೇಡ. ಗ್ಲೂಕೋಸ್ ಕಾಲದವು ನೀರಿನ ಹಾಗೆ. ಮೆಟ್ಟಿಲು ಶುರುವಾದಾಗಿನದು ಅನುಮಾನದ ಹಳದಿ. ಅದರ ಮುಂದಿನದು ಸ್ವಲ್ಪ ಗಟ್ಟಿ. ಮೆಟ್ಟಿಲು ಮುಗಿಯುವ ಹೊತ್ತಿಗೆ ನಿಂಬೆ ಹಣ್ಣಿನ ಬಣ್ಣ. ಒ.ಡಿ. 0.61 ಅಂತ ಹಟ ಹಿಡಿದು ನಿಂತಿದ್ದ ಆ ಅರ್ಧ ಗಂಟೆಯಲ್ಲಿ ಒಳಗೆ ಇಷ್ಟೆಲ್ಲ ಕೆಲಸ ನಡೆದಿತ್ತು.

ಒಂದು ಎಚ್ಚರಿಕೆ. ಎಲ್ಲ ಕೋಶಗಳೂ ಒಂದೇ ಸಲ ಒಂದೇ ಪ್ರಮಾಣದಲ್ಲಿ ಬದಲಾಗುತ್ತವೆ ಅಂತ ಈ ಬಣ್ಣ ಹೇಳುವುದಿಲ್ಲ. ಅದು ಸರಾಸರಿ. ನೋವಿಕ್ ಮತ್ತು ವೀನರ್ 1957ರಲ್ಲೇ ತೋರಿಸಿದ್ದರು: ತಡೆ ಪ್ರೋಟೀನನ್ನು ಏಳಿಸುವ ಅಣು ಕಡಿಮೆ ಇದ್ದಾಗ ಕೆಲವು ಕೋಶಗಳು ಪೂರ್ತಿ ಆನ್, ಉಳಿದವು ಪೂರ್ತಿ ಆಫ್. ಅರೆಬರೆ ಅನ್ನುವುದು ಬಹಳ ಕಡಿಮೆ. ಒಂದು ಬಾಗಿಲು ಇನ್ನಷ್ಟು ಸಕ್ಕರೆ ತರುತ್ತದೆ, ಅದು ಇನ್ನಷ್ಟು ಬಾಗಿಲು ಮಾಡಿಸುತ್ತದೆ. ಹಾಗಾಗಿ ಶುರುವಾದವರು ಓಡುತ್ತಾರೆ, ಆಗದವರು ನಿಂತಲ್ಲೇ.

ಹಂತ 7: ನಿಂತ ಹೊತ್ತಿನಲ್ಲಿ ಬೆಳವಣಿಗೆಗೆ ಬ್ರೇಕ್ ಹಾಕುವುದು ಯಾರು?

ಸಕ್ಕರೆ ಮುಗಿದರೆ ಬೆಳವಣಿಗೆ ತಾನಾಗೇ ನಿಲ್ಲುತ್ತದೆ ಅನ್ನಿಸಬಹುದು. ಹಾಗೆ ಬಿಟ್ಟರೆ ಕೋಶ ಅಪಾಯಕ್ಕೆ ಸಿಲುಕುತ್ತದೆ. ವೇಗವಾಗಿ ಬೆಳೆಯುವ ಕೋಶ ತನ್ನ ದುಡಿಮೆಯ ದೊಡ್ಡ ಪಾಲನ್ನು ರೈಬೋಸೋಮ್ (ಪ್ರೋಟೀನ್ ತಯಾರಿಸುವ ಯಂತ್ರ) ಕಟ್ಟಲು ಸುರಿಯುತ್ತಿರುತ್ತದೆ. ಕಚ್ಚಾ ವಸ್ತು ನಿಂತಾಗ ಅದನ್ನು ತಕ್ಷಣ ನಿಲ್ಲಿಸಬೇಕು. ಆ ಬ್ರೇಕಿನ ಹೆಸರು ಪಿಪಿಜಿಪಿಪಿ ಎಂಬ ಪುಟ್ಟ ಅಣು. 1969ರಲ್ಲಿ ಕ್ಯಾಶೆಲ್ ಮತ್ತು ಗ್ಯಾಲಂಟ್ ಹಸಿದ ಇ. ಕೋಲೈಯ ರಸವನ್ನು ಕ್ರೊಮ್ಯಾಟೊಗ್ರಫಿಯಲ್ಲಿ ಹರಡಿದಾಗ ಎಲ್ಲೂ ಇಲ್ಲದ ಚುಕ್ಕೆಗಳು ಎದ್ದು ಬಂದವು. 'ಮಾಯಾ ಚುಕ್ಕೆ' ಅನ್ನುವ ಅರ್ಥದ ಹೆಸರಿಟ್ಟರು, ಅದು ಇಂದಿಗೂ ಬಳಕೆಯಲ್ಲಿದೆ.

ಅಮೈನೋ ಆಮ್ಲವನ್ನು ರೈಬೋಸೋಮಿಗೆ ಹೊತ್ತು ತರುವ ಅಣು ಟಿಆರ್‌ಎನ್‌ಎ. ಹೊರೆ ಇಲ್ಲದ ಖಾಲಿ ಟಿಆರ್‌ಎನ್‌ಎ ರೈಬೋಸೋಮಿಗೆ ಬಂದು ಕೂತರೆ, ಪಕ್ಕದಲ್ಲಿರುವ ರೆಲ್‌ಎ ಎಂಬ ಪ್ರೋಟೀನ್ ಈ ಅಣುವನ್ನು ತಯಾರಿಸತೊಡಗುತ್ತದೆ. ಸಕ್ಕರೆ ಮುಗಿದಾಗ ಸ್ಪೋ-ಟಿ ಎಂಬ ಇನ್ನೊಂದು ಪ್ರೋಟೀನಿನ ಪಾತ್ರವೂ ಇದೆ. ಅಣು ಏರಿದರೆ ರೈಬೋಸೋಮ್ ಕಟ್ಟುವುದು ಇಳಿಯುತ್ತದೆ, ಅಮೈನೋ ಆಮ್ಲ ಮಾಡಿಕೊಳ್ಳುವ ಜೀನ್‌ಗಳು ಏರುತ್ತವೆ. ಲ್ಯಾಕ್ಟೋಸ್ ಒಳಗೆ ಬಂದು ವ್ಯವಹಾರ ಕುದುರಿದ ಮೇಲೆ ಅಣು ಇಳಿದು ಬ್ರೇಕ್ ಸಡಿಲವಾಗುತ್ತದೆ.

ಇಂಗಾಲದ ಬದಲು ಬೇರೆ ಏನಾದರೂ ಕಡಿಮೆಯಾದರೆ ಕೋಶ ಬೇರೆ ಪೆಟ್ಟಿಗೆ ತೆರೆಯುತ್ತದೆ. ಫಾಸ್ಫೇಟ್ ಮುಗಿದರೆ ಆಲ್ಕಲೈನ್ ಫಾಸ್ಫಟೇಸ್ ಮಾಡುತ್ತದೆ, ಕಬ್ಬಿಣ ಕಡಿಮೆಯಾದರೆ ಅದನ್ನು ಹಿಡಿದು ತರುವ ಅಣುಗಳನ್ನು ಹೊರಗೆ ಬಿಡುತ್ತದೆ. ಅವೆಲ್ಲ ಬೇರೆ ಬೇರೆ ಪ್ರಯೋಗಗಳು.

ಹಂತ 8: ಉಲ್ಟಾ ಪ್ರಯೋಗ, ಬಡತನದಿಂದ ಸಿರಿಗೆ

ಇದೊಂದನ್ನು ಬಿಡಬೇಡಿ. 1958ರಲ್ಲಿ ಕೋಪನ್‌ಹೇಗನ್‌ನಲ್ಲಿ ಶೆಕ್ಟರ್, ಮಾಲೋ, ಕೆಲ್ಡ್‌ಗಾರ್ಡ್ ಸಾಲ್ಮೊನೆಲ್ಲಾ ಮೇಲೆ ಮಾಡಿದ್ದು. ನಾವು ಅದೇ ಎಂಜಿ1655 ಬಳಸೋಣ.

ಎಂ9ನಲ್ಲಿ, ಲೀಟರಿಗೆ 2 ಗ್ರಾಂ ಗ್ಲೂಕೋಸ್ ಕೊಟ್ಟು, ಒ.ಡಿ. 0.1ರ ತನಕ ಬೆಳೆಸಿ. 45 ಮಿ.ಲೀ. ಕಲ್ಚರ್‌ಗೆ ಹತ್ತು ಪಟ್ಟು ಗಟ್ಟಿ ಮಾಡಿದ, 37 ಡಿಗ್ರಿಗೆ ಬೆಚ್ಚಗಿಟ್ಟ ಎಲ್‌ಬಿ 5 ಮಿ.ಲೀ. ಸೇರಿಸಿ. ಇಲ್ಲಿ ಒ.ಡಿ. ಒಂದೇ ಸಾಲದು. ಪ್ರತಿ 15 ನಿಮಿಷಕ್ಕೆ ಮಾದರಿ ತೆಗೆದು, ಪ್ರತಿ ಸಲ ಹತ್ತು ಪಟ್ಟು ತೆಳು ಮಾಡುತ್ತಾ ಹೋಗಿ, ಪ್ಲೇಟಿನ ಮೇಲೆ ಹರಡಿ. ಒ.ಡಿ. ಹೇಳುವುದು ಒಟ್ಟು ಮೈ. ಪ್ಲೇಟ್ ಹೇಳುವುದು ತಲೆ ಎಣಿಕೆ. ತೆಳು ಮಾಡುವ ಟ್ಯೂಬ್‌ಗಳನ್ನು ಹಿಂದಿನ ದಿನವೇ ತುಂಬಿಸಿಡಿ, ಆ ಹೊತ್ತಿನಲ್ಲಿ ಪುರುಸೊತ್ತು ಸಿಗುವುದಿಲ್ಲ.

ಒ.ಡಿ. ಕೆಲವೇ ನಿಮಿಷಗಳಲ್ಲಿ ಹೊಸ ವೇಗಕ್ಕೆ ತಿರುಗುತ್ತದೆ. ತಲೆ ಎಣಿಕೆ ಮಾತ್ರ ಏನೂ ಆಗಿಲ್ಲ ಎಂಬಂತೆ ಸುಮಾರು ಒಂದು ಗಂಟೆ ಹಳೆಯ ದರದಲ್ಲೇ ನಡೆಯುತ್ತದೆ. ಮೈ ಬೇಗ ಬೇಗ ಬೆಳೆದು, ವಿಭಜನೆ ಹಳೆಯ ಲೆಕ್ಕದಲ್ಲೇ ಇದ್ದರೆ ಏನಾಗಬೇಕು? ಪ್ರತಿ ಕೋಶವೂ ದಪ್ಪವಾಗಬೇಕು. ಸೂಕ್ಷ್ಮದರ್ಶಕದಲ್ಲಿ ಶುರುವಿನ ಮಾದರಿ ಮತ್ತು ಎರಡು ಗಂಟೆಯ ಮಾದರಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ತಳಿ ಅಂತ ನಂಬುವುದು ಕಷ್ಟ.

ಒ.ಡಿ.ಯನ್ನು ತಲೆ ಎಣಿಕೆಯಿಂದ ಭಾಗಿಸಿ ಸಮಯದ ಎದುರು ಗ್ರಾಫ್ ಹಾಕಿದರೆ ಕೋಶದ ಗಾತ್ರ ಏರುವುದು ಕಾಣುತ್ತದೆ. ಪ್ಲೇಟಿಗೆ 30ರಿಂದ 300 ಕಾಲನಿ ಬರುವಷ್ಟು ತೆಳು ಮಾಡಿದ್ದರೆ ಮಾತ್ರ ಆ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಒ.ಡಿ. 0.1ರ ಕಲ್ಚರ್‌ನಲ್ಲಿ ಮಿ.ಲೀ.ಗೆ ಕೋಟಿಗಟ್ಟಲೆ ಕೋಶಗಳಿರುತ್ತವೆ. ಆದ್ದರಿಂದ ಶುರುವಿಗೆ ಹತ್ತು ಸಾವಿರ ಮತ್ತು ಒಂದು ಲಕ್ಷ ಪಟ್ಟು ತೆಳು ಮಾಡಿದ ಎರಡು ಟ್ಯೂಬ್‌ಗಳಿಂದಲೂ 0.1 ಮಿ.ಲೀ. ಹರಡಿ. ಕೊನೆಯ ಮಾದರಿಗಳಿಗೆ ಇನ್ನೊಂದು ಹತ್ತು ಪಟ್ಟು ಮುಂದೆ ಹೋಗಿ. ಉಳಿದ ಕಲ್ಚರ್‌ಗಳನ್ನು ಆಟೋಕ್ಲೇವ್ ಮಾಡಿಯೇ ಚೆಲ್ಲಿ. ಪ್ಲೇಟ್‌ಗಳನ್ನು ತಲೆಕೆಳಗೆ ಮಾಡಿ 37 ಡಿಗ್ರಿಯಲ್ಲಿಟ್ಟು ಹೋಗಿ, ಎಣಿಕೆ ಮರುದಿನ ಬೆಳಿಗ್ಗೆ.